ಎದೆಯ ನೀರು: ಸೂಜಿ ಹಾಕಿ ನೋಡದೆ ಮಾತ್ರೆ ಯಾಕೆ?

ಎದೇಲಿ ನೀರು ತುಂಬಿದೆ ಅಂತ ಯಾರ ಮನೆಯಲ್ಲಾದರೂ ಸುದ್ದಿ ಆದ ಕೂಡಲೆ ನಮ್ಮ ಕಡೆ ಎರಡು ಮಾತು ಬಂದೇ ಬರುತ್ತೆ. ಮೊದಲನೆಯದು, "ಓ, ಹಾಗಾದ್ರೆ ಟಿಬಿನೇ". ಎರಡನೆಯದು, "ಸೂಜಿ ಹಾಕಿ ನೀರು ಮಾತ್ರ ತೆಗೆಸ್ಬೇಡಿ, ಒಂದ್ಸಲ ತೆಗೆಸಿದ್ರೆ ಮತ್ತೆ ಮತ್ತೆ ತುಂಬ್ಕೊಳ್ಳುತ್ತೆ". ಈ ಎರಡೂ ಮಾತಿನ ಮೇಲೆ ನನಗೆ ಬಹಳ ದಿನದಿಂದ ಜಗಳ ಇದೆ. ಇವತ್ತು ಅದನ್ನ ಬರೆದು ಮುಗಿಸೋಣ ಅಂತ ಕೂತಿದ್ದೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರಲ್ಲ. ಬ್ಯಾಂಕಿನಲ್ಲಿ ಲೆಕ್ಕ ನೋಡೋ ಕೆಲಸ. ಆದರೆ ನಮ್ಮ ದೊಡ್ಡಮ್ಮನ ಕಾಯಿಲೆ ಹಿಂದೆ ಒಂದೂವರೆ ವರ್ಷ ಓಡಾಡಿದ್ದೀನಿ, ಡಾಕ್ಟರುಗಳ ತಲೆ ತಿಂದಿದ್ದೀನಿ, ಸಿಕ್ಕಿದ್ದೆಲ್ಲ ಓದಿದ್ದೀನಿ. ಹೀಗಾಗಿ ಕೆಳಗಿರೋದು ಚಿಕಿತ್ಸೆ ಅಲ್ಲ, ಅಭಿಪ್ರಾಯ. ಅಭಿಪ್ರಾಯಕ್ಕೆ ಬೇಕಾದ ಆಧಾರ ಮಾತ್ರ ಗಟ್ಟಿಯಾಗಿ ಇಟ್ಟುಕೊಂಡಿದ್ದೀನಿ.

ಸುಮಾರು ಜನ "ಲಂಗ್ಸಲ್ಲಿ ನೀರು" ಅಂತಾರೆ. ನೀರು ಇರೋದು ಶ್ವಾಸಕೋಶದ ಒಳಗಲ್ಲ, ಹೊರಗೆ. ಶ್ವಾಸಕೋಶದ ಮೈಗೆ ಅಂಟಿಕೊಂಡು ಒಂದು ತೆಳ್ಳನೆ ಪೊರೆ ಇದೆ, ಎದೆಗೂಡಿನ ಒಳಗೋಡೆಗೆ ಅಂಟಿಕೊಂಡು ಇನ್ನೊಂದು ಇದೆ. ಎರಡೂ ಸೇರಿ ಪ್ಲೂರಾ. ಇವೆರಡರ ನಡುವೆ ಎಲ್ಲರಿಗೂ ಒಂದೆರಡು ಚಮಚದಷ್ಟು ದ್ರವ ಇದ್ದೇ ಇರುತ್ತೆ, ಉಸಿರಾಡುವಾಗ ಪೊರೆಗಳು ಜಾರಲಿ ಅಂತ. ಈ ದ್ರವ ಊರುತ್ತಲೇ ಇರುತ್ತೆ, ಇಂಗುತ್ತಲೇ ಇರುತ್ತೆ. ಊರೋದು ಹೆಚ್ಚಾದರೆ ಅಥವಾ ಇಂಗೋ ದಾರಿ ಕಟ್ಟಿದರೆ ನಿಲ್ಲುತ್ತೆ. ಲೀಟರುಗಟ್ಟಲೆ ನಿಂತಾಗ ಶ್ವಾಸಕೋಶ ಮುದುಡಿ ಮೂಲೆ ಸೇರುತ್ತೆ, ಕೆಳಗಿನ ವಪೆ ಜಗ್ಗುತ್ತೆ, ಮನುಷ್ಯ ನಾಲ್ಕು ಹೆಜ್ಜೆಗೆ ಏದುಸಿರು ಬಿಡ್ತಾನೆ.

ಮಲೆನಾಡಿನವರಿಗೆ ಇದನ್ನ ವಿವರಿಸೋದು ಸುಲಭ. ಜೋರು ಮಳೆಗಾಲದಲ್ಲಿ ಹಳೇ ಮನೆಗಳಲ್ಲಿ ನೆಲದಿಂದಲೇ ಜಲ ಏಳುತ್ತೆ. ಆಗ ಬರೀ ಗೋಣಿಚೀಲ ಹಾಸಿ ಒರೆಸಿದ್ರೆ ಆಯ್ತಾ? ನೀರು ಎಲ್ಲಿಂದ ಬರ್ತಿದೆ, ಮೇಲಿನ ಧರೆಯಿಂದಲೋ, ಒಡೆದ ಚರಂಡಿಯಿಂದಲೋ ಅಂತ ನೋಡ್ಬೇಕು. ಎದೆಯ ನೀರೂ ಹಾಗೇ. ಅದೇ ಒಂದು ಕಾಯಿಲೆ ಅಲ್ಲ. ಹೃದಯ ಸೋತಿದ್ದರೂ ಬರುತ್ತೆ, ಲಿವರ್ ಕಿಡ್ನಿ ಕೆಟ್ಟರೂ ಬರುತ್ತೆ, ನ್ಯುಮೋನಿಯಾ ಪಕ್ಕದಲ್ಲೂ ಬರುತ್ತೆ, ಟಿಬಿಯಿಂದ ಬರುತ್ತೆ, ಕ್ಯಾನ್ಸರಿಂದಲೂ ಬರುತ್ತೆ. ಎಕ್ಸ್‌ರೇಯಲ್ಲಿ ಎಲ್ಲವೂ ಬೆಳ್ಳಗೇ ಕಾಣೋದು.

ದೊಡ್ಡಮ್ಮನ ಕಥೆ ಹೇಳದೆ ಮುಂದೆ ಹೋಗೋಕಾಗಲ್ಲ. ತೀರ್ಥಹಳ್ಳಿ ಕಡೆ ಒಂದು ಹಳ್ಳಿ. 2019ರ ಮಳೆಗಾಲ. ಅರವತ್ನಾಲ್ಕು ವರ್ಷ, ಬೀಡಿ ಸಿಗರೇಟು ಹಾಗಿರಲಿ, ಕವಳ ಕೂಡ ಅಪರೂಪ. ಕೊಟ್ಟಿಗೆಯಿಂದ ಮನೆಗೆ ಬರೋಷ್ಟರಲ್ಲಿ ಜಗಲಿ ಮೇಲೆ ಕೂತ್ಕೊಳ್ಳೋ ಹಾಗಾಯ್ತು. ಒಣ ಕೆಮ್ಮು. "ಎಂತದೂ ಇಲ್ಲ ಮಾರಾಯ, ಥಂಡಿ" ಅಂತ ಫೋನಿನಲ್ಲಿ ನನಗೆ ಸಮಾಧಾನ ಬೇರೆ. ಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಎಕ್ಸ್‌ರೇ ತೆಗೆದ್ರು. ಬಲಗಡೆ ಅರ್ಧಕ್ಕೂ ಮೇಲೆ ಬಿಳಿ. ಅಲ್ಲಿನ ಡಾಕ್ಟರು ಫಿಲಂ ಬೆಳಕಿಗೆ ಹಿಡಿದು ನೋಡಿ, "ನೀರಿದೆ, ಟಿಬಿ, ಆರು ತಿಂಗಳು ಮಾತ್ರೆ" ಅಂದ್ರು. ನೀರು ತೆಗೆದು ಪರೀಕ್ಷೆ ಮಾಡಬೇಕಾ ಅಂತ ಅಣ್ಣ (ದೊಡ್ಡಮ್ಮನ ಮಗ) ಕೇಳಿದ್ದಕ್ಕೆ, "ಮಾತ್ರೆಗೇ ಕಡಿಮೆ ಆಗುತ್ತೆ ಬಿಡಿ" ಅಂದ್ರಂತೆ. ಮನೆಯವರಿಗೂ ಸೂಜಿ ಅಂದ್ರೆ ಹೆದರಿಕೆ. ಎರಡೂ ಕಡೆಯವರಿಗೆ ಸಮಾಧಾನ ಆಗೋ ತೀರ್ಮಾನ ಅದು. ಹಾಗಾಗಿ ಯಾರೂ ಪ್ರಶ್ನೆ ಎತ್ತಲಿಲ್ಲ.

ಎರಡೂವರೆ ತಿಂಗಳು ಮಾತ್ರೆ ನುಂಗಿದ್ರು. ಕೆಂಪು ಮೂತ್ರ, ವಾಕರಿಕೆ, ಊಟ ಸೇರದೆ ಎಂಟು ಕೆಜಿ ಇಳಿದ್ರು. ಏದುಸಿರು ಮಾತ್ರ ಜಾಸ್ತಿ ಆಗ್ತಾ ಹೋಯ್ತು. ರಾತ್ರಿ ಮಲಗೋಕೆ ಆಗ್ತಿರಲಿಲ್ಲ, ಮೂರು ದಿಂಬು ಒರಗಿಸಿಕೊಂಡು ಕೂತೇ ಬೆಳಗು ಮಾಡ್ತಿದ್ರು. ಸೆಪ್ಟೆಂಬರ್ ಕೊನೆಗೆ ಕರಾವಳಿಯ ಒಂದು ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಅಲ್ಲಿನ ಎದೆರೋಗದ ಡಾಕ್ಟರಮ್ಮ ಫೈಲು ತಿರುವಿ ತಿರುವಿ ಹುಡುಕಿ ಕೇಳಿದ ಮೊದಲ ಪ್ರಶ್ನೆ: "ನೀರಿನ ರಿಪೋರ್ಟ್ ಎಲ್ಲಿದೆ?"

ಇರಲಿಲ್ಲ.

ನೀರು ತೆಗೆಯೋದು ಹೇಗಿರುತ್ತೆ ಅಂತ ಸ್ವಲ್ಪ ವಿವರವಾಗೇ ಬರೀತೀನಿ, ಯಾಕಂದ್ರೆ ಹೆದರಿಕೆ ಇರೋದೇ ಕಾಣದ್ದರ ಬಗ್ಗೆ. ದೊಡ್ಡಮ್ಮನ್ನ ಮಂಚದ ಅಂಚಿಗೆ ಕೂರಿಸಿ, ಮುಂದೆ ಒಂದು ಎತ್ತರದ ಟೇಬಲ್ ಇಟ್ಟು, ಅದರ ಮೇಲೆ ದಿಂಬು, ದಿಂಬಿನ ಮೇಲೆ ಕೈ ತಲೆ ಇಟ್ಟು ಒರಗೋಕೆ ಹೇಳಿದ್ರು. ಬೆನ್ನಿಗೆ ತಣ್ಣನೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್‌ನಲ್ಲಿ ನೀರು ಎಲ್ಲಿ ಹೆಚ್ಚಿದೆ ಅಂತ ನೋಡಿ ಪೆನ್ನಿನಲ್ಲಿ ಗುರುತು ಹಾಕಿದ್ರು. ಹೀಗೆ ನೋಡಿ ಹಾಕೋದ್ರಿಂದ ಸೂಜಿ ಶ್ವಾಸಕೋಶಕ್ಕೆ ತಾಗಿ ಗಾಳಿ ಸೋರೋ ಅಪಾಯ ಕಡಿಮೆಯಾಗುತ್ತೆ. ಆಮೇಲೆ ಮರಗಟ್ಟಿಸೋ ಇಂಜೆಕ್ಷನ್. ಆಮೇಲೆ ಪಕ್ಕೆಲುಬಿನ ಮೇಲಂಚಿಗೆ ತಾಗಿಸಿಕೊಂಡೇ ಸೂಜಿ. ಕೆಳಂಚಿನಲ್ಲಿ ನರ, ರಕ್ತನಾಳ ಹಾದು ಹೋಗೋದ್ರಿಂದ ಅಲ್ಲಿ ಹಾಕಲ್ಲ. ಹೆಚ್ಚು ಹೊತ್ತೇನೂ ಹಿಡೀಲಿಲ್ಲ. ಒಂದು ಲೀಟರು ಇನ್ನೂರು ಎಂಎಲ್. ಬಣ್ಣ ನಾವು ನೆನೆಸಿದ ಹಾಗೆ ತಿಳಿಹಳದಿ ಅಲ್ಲ, ಕೋಕಂ ಪಾನಕದ ಬಣ್ಣ.

ಕೊನೆಗೆ ಒಂದಿಷ್ಟು ಕೆಮ್ಮು ಬಂತು. ಅಣ್ಣ ಗಾಬರಿ. ಮುದುಡಿದ ಶ್ವಾಸಕೋಶ ಬಿಚ್ಚಿಕೊಳ್ಳುವಾಗ ಕೆಮ್ಮು ಬರುತ್ತೆ ಅಂತ ಡಾಕ್ಟರಮ್ಮ ಹೇಳಿ ಅಲ್ಲಿಗೇ ನಿಲ್ಲಿಸಿದ್ರು. ಆ ರಾತ್ರಿ ದೊಡ್ಡಮ್ಮ ಮಲಗಿ ನಿದ್ದೆ ಮಾಡಿದ್ರು. ಬೆಳಿಗ್ಗೆ ಎದ್ದು ಕೇಳಿದ್ದು, "ಇದನ್ನ ಮೊದಲೇ ಯಾಕೆ ಮಾಡ್ಲಿಲ್ಲ?"

ನಾಲ್ಕು ದಿನಕ್ಕೆ ರಿಪೋರ್ಟ್ ಬಂತು. ಅಡಿನೋಕಾರ್ಸಿನೋಮಾ. ಶ್ವಾಸಕೋಶದ ಕ್ಯಾನ್ಸರ್, ಪೊರೆಗೂ ಹಬ್ಬಿದ್ದು.

ಈಗ ಮೊದಲ ಮಾತಿಗೆ ಬರ್ತೀನಿ, "ಹಾಗಾದ್ರೆ ಟಿಬಿನೇ" ಅನ್ನೋದಕ್ಕೆ. ಆ ಪೇಟೆ ಡಾಕ್ಟರನ್ನ ಬಯ್ಯೋದು ಸುಲಭ. ಆದರೆ ಅವರ ಊಹೆ ಪೆದ್ದು ಊಹೆ ಅಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಹರೆಯದವರಿಗೆ ಜ್ವರ, ಒಂದು ಪಕ್ಕೆಯಲ್ಲಿ ನೋವು, ಅದೇ ಪಕ್ಕೆಯಲ್ಲಿ ನೀರು ಅಂದ್ರೆ ಇಲ್ಲಿ ಟಿಬಿ ಅನ್ನೋದು ಬಹಳ ಸಲ ಸರಿಯೇ. ಜೊತೆಗೆ ಒಂದು ನಿಜವಾದ ಕಷ್ಟ ಇದೆ. ಟಿಬಿಯ ನೀರಿನಲ್ಲಿ ಟಿಬಿ ಕ್ರಿಮಿ ಸಿಗೋದು ಅಪರೂಪ. ಅಲ್ಲಿ ಕ್ರಿಮಿಗಿಂತ, ಕ್ರಿಮಿಯ ಮೇಲೆ ದೇಹ ತೋರಿಸೋ ಸಿಟ್ಟೇ ಹೆಚ್ಚು ನೀರು ಸುರಿಸೋದು. ಹಾಗಾಗಿ ಕಫದಲ್ಲಿ ಚೆನ್ನಾಗಿ ಹಿಡಿಯೋ ಸಿಬಿನ್ಯಾಟ್ ಪರೀಕ್ಷೆ ಕೂಡ ಪ್ಲೂರಾದ ನೀರಿನಲ್ಲಿ ಸುಮಾರು ಸಲ ತಪ್ಪಿಸಿಕೊಳ್ಳುತ್ತೆ.

ಅಂದ ಮಾತ್ರಕ್ಕೆ ನೀರು ಏನೂ ಹೇಳಲ್ಲ ಅಂತಲ್ಲ. 1972ರಲ್ಲಿ ಅಮೆರಿಕದ ರಿಚರ್ಡ್ ಲೈಟ್ ಅನ್ನೋ ಡಾಕ್ಟರು ಜೊತೆಗಾರರ ಸಂಗಡ ಒಂದು ಸರಳ ಲೆಕ್ಕ ಪ್ರಕಟಿಸಿದ್ರು. ನೀರಿನಲ್ಲಿರೋ ಪ್ರೊಟೀನು ಮತ್ತು ಎಲ್‌ಡಿಎಚ್ ಅನ್ನೋ ಕಿಣ್ವವನ್ನ ರಕ್ತದ ಜೊತೆ ಹೋಲಿಸಿ ನೋಡೋದು. ಹೃದಯ, ಲಿವರ್ ಥರದ ಒತ್ತಡದ ಕಾರಣಕ್ಕೆ ಬಂದ ನೀರೋ, ಪೊರೆಯೇ ರೋಗಕ್ಕೆ ಬಿದ್ದು ಸುರಿಸಿದ ನೀರೋ ಅಂತ ಅದರಿಂದ ಬೇರೆ ಮಾಡಬಹುದು. ಅರ್ಧ ಶತಮಾನ ದಾಟಿದ್ರೂ ಇವತ್ತಿಗೂ ಮೊದಲ ಜರಡಿ ಅದೇ. ಆಮೇಲೆ ಯಾವ ಕಣಗಳು ಇವೆ ಅಂತ ನೋಡ್ತಾರೆ. ಲಿಂಫೋಸೈಟ್ ಕಣಗಳೇ ತುಂಬಿದ್ದು, ಎಡಿಎ ಅನ್ನೋ ಇನ್ನೊಂದು ಕಿಣ್ವ 40 ದಾಟಿದ್ರೆ ನಮ್ಮಂಥ ದೇಶದಲ್ಲಿ ಟಿಬಿ ಕಡೆ ತಕ್ಕಡಿ ವಾಲುತ್ತೆ. ಕೀವಿನಲ್ಲಿ, ಕೆಲವು ಲಿಂಫೋಮಾದಲ್ಲಿ, ಕೀಲುವಾತದ ನೀರಿನಲ್ಲೂ ಎಡಿಎ ಏರಬಹುದು, ಹಾಗಾಗಿ ಅದೊಂದೇ ಸಾಕ್ಷಿ ಸಾಲದು. ದೊಡ್ಡಮ್ಮನ ಎಡಿಎ 18 ಇತ್ತು. ಜುಲೈನಲ್ಲೇ ಒಂದು ಸಿರಿಂಜ್ ನೀರು ಎಳೆದಿದ್ರೆ "ಇದು ಟಿಬಿ ಥರ ಕಾಣ್ತಿಲ್ಲ" ಅಂತ ಆಗಲೇ ಒಂದು ಅನುಮಾನ ಹುಟ್ಟಿರೋದು.

"ಮಾತ್ರೆ ಕೊಟ್ಟು ನೋಡೋಣ, ಕಡಿಮೆ ಆದ್ರೆ ಟಿಬಿ" ಅನ್ನೋ ವಾದ ಇದೆಯಲ್ಲ, ನನಗೆ ಎಲ್ಲಕ್ಕಿಂತ ಸಿಟ್ಟು ತರಿಸೋದು ಅದು. ಇದರಲ್ಲಿ ಒಂದು ಮೋಸ ಅಡಗಿದೆ. ಟಿಬಿಯ ನೀರು ಬಹಳ ಸಲ ಏನೂ ಔಷಧ ಕೊಡದಿದ್ರೂ ಕೆಲವು ವಾರ ತಿಂಗಳಲ್ಲಿ ತಾನೇ ಇಂಗಿ ಹೋಗುತ್ತೆ! ಔಷಧಿ ಇಲ್ಲದ ಕಾಲದಲ್ಲಿ ಇದನ್ನ ಚೆನ್ನಾಗಿ ನೋಡಿದ್ದಾರೆ. ಹಾಗೆ ಇಂಗಿ ಹುಷಾರಾದ ಅಮೆರಿಕದ ಸೈನಿಕರನ್ನ ಹಿಂಬಾಲಿಸಿ 1955ರಲ್ಲಿ ಪ್ರಕಟವಾದ ಒಂದು ವರದಿ ಇದೆ. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನಕ್ಕೆ ಟಿಬಿ ಮತ್ತೆ ಎದ್ದು ಬಂತು, ಶ್ವಾಸಕೋಶದಲ್ಲೋ ಬೇರೆಲ್ಲೋ. ಅಂದ್ರೆ ನೀರು ಹೋಯ್ತು ಅನ್ನೋದು ಗುಣ ಆಯ್ತು ಅನ್ನೋದಕ್ಕೆ ಸಾಕ್ಷಿ ಅಲ್ಲ. ಊರಲ್ಲಿ "ನಾಟಿ ಔಷಧಿಯಲ್ಲಿ ಎದೆ ನೀರು ಒಣಗಿಸ್ತಾರೆ" ಅಂತ ಹೆಸರು ಮಾಡಿದವರು ಇರ್ತಾರಲ್ಲ, ಅವರ ಹೆಸರಿನ ಅರ್ಧ ಪಾಲು ಇಲ್ಲಿಂದಲೇ ಬಂದಿರಬೇಕು ಅಂತ ನನ್ನ ಗುಮಾನಿ. ಒಣಗಿದ್ದು ನಿಜ, ಒಣಗಿಸಿದ್ದು ಬೇರು ನಾರಲ್ಲ. ಎರಡು ವರ್ಷ ಬಿಟ್ಟು ರಕ್ತ ಕಾರುವಾಗ ಆ ಔಷಧಿಯ ನೆನಪು ಯಾರಿಗೂ ಇರಲ್ಲ.

ಇದನ್ನ ಬರೆದ ಕೂಡಲೆ ಯಾರಾದ್ರೂ ಹೇಳ್ತೀರಿ, "ನಮ್ಮ ಹಳ್ಳಿ ಜನಕ್ಕೆ ತಿಳುವಳಿಕೆ ಇಲ್ಲ ಸಾರ್, ಕೊನೆ ಗಳಿಗೆವರೆಗೂ ಆಸ್ಪತ್ರೆಗೆ ಬರಲ್ಲ". ಈ ಮಾತಿಗೆ ನಮ್ಮ ತುಮಕೂರು ಜಿಲ್ಲೆ ಅರವತ್ತು ವರ್ಷದ ಹಿಂದೆಯೇ ಉತ್ತರ ಕೊಟ್ಟಾಗಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಗಿದ್ದು 1959ರಲ್ಲಿ. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ಇದ್ದವರ ಮನೆ ಮನೆಗೆ ಹೋಗಿ ಮಾತಾಡಿಸಿದ ಅಧ್ಯಯನ 1963ರಲ್ಲಿ ಪ್ರಕಟವಾಯ್ತು. ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಅನ್ನೋದು ಗೊತ್ತಿತ್ತು. ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು. ಅರ್ಧದಷ್ಟು ಜನ ಆಗಲೇ ಆಸ್ಪತ್ರೆ ಮೆಟ್ಟಿಲು ಹತ್ತಿ ಬಂದಿದ್ರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಬಾಟಲಿ. ಪರೀಕ್ಷೆ ಇಲ್ಲ. ದೇಶದ ಟಿಬಿ ಕಾರ್ಯಕ್ರಮ ಊರೂರಿನ ಸಾಮಾನ್ಯ ಆಸ್ಪತ್ರೆಗಳ ಮೂಲಕವೇ ನಡೀಬೇಕು ಅಂತ ರೂಪುಗೊಳ್ಳೋದರ ಹಿಂದೆ ಈ ಅಧ್ಯಯನದ ಕೈ ಇದೆ. ನಮ್ಮ ತುಮಕೂರಿನಿಂದ ಹೊರಟ ಇಷ್ಟು ದೊಡ್ಡ ಮಾತು ಕನ್ನಡದಲ್ಲಿ ಯಾಕೆ ಅಷ್ಟು ಕಡಿಮೆ ಬರೆಯಲ್ಪಟ್ಟಿದೆ ಅನ್ನೋದು ಬೇರೆ ಪ್ರಶ್ನೆ.

ನಮ್ಮ ದೊಡ್ಡಮ್ಮನೂ ಹೋಗಿದ್ರು ಸ್ವಾಮಿ, ಜುಲೈನಲ್ಲೇ ಹೋಗಿದ್ರು. ಕೆಮ್ಮಿನ ಬಾಟಲಿ ಜಾಗದಲ್ಲಿ ಟಿಬಿ ಮಾತ್ರೆ ಸಿಕ್ತು, ಅಷ್ಟೇ ವ್ಯತ್ಯಾಸ.

ಬೇಡದ ಟಿಬಿ ಮಾತ್ರೆ "ತಗೊಂಡ್ರೆ ಏನೂ ನಷ್ಟ ಇಲ್ಲ" ಅನ್ನೋದೂ ಸುಳ್ಳು. ಲಿವರಿಗೆ ಪೆಟ್ಟು ಕೊಡಬಹುದು. ದೊಡ್ಡಮ್ಮನ ವಿಷಯದಲ್ಲಿ ಇನ್ನೂ ಒಂದು ತೊಡಕಿತ್ತು. ಅವರ ಗೆಡ್ಡೆಯ ಕಣಗಳಲ್ಲಿ ಇಜಿಎಫ್‌ಆರ್ ಅನ್ನೋ ಜೀನಿನ ಬದಲಾವಣೆ ಸಿಕ್ತು. ಹೊಗೆ ಸೇದದ ಏಷ್ಯಾದ ಹೆಂಗಸರ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇದು ಸಾಕಷ್ಟು ಕಾಣಸಿಗುತ್ತೆ. ಇದಕ್ಕೆ ಕೀಮೋ ಬದಲು ದಿನಕ್ಕೊಂದು ಮಾತ್ರೆ ಇದೆ, ಗೆಫಿಟಿನಿಬ್. ಆದರೆ ಟಿಬಿ ಔಷಧಿಯಲ್ಲಿರೋ ರಿಫಾಂಪಿಸಿನ್, ಲಿವರಿನ ಕಿಣ್ವಗಳನ್ನ ಚುರುಕು ಮಾಡಿ ಗೆಫಿಟಿನಿಬ್ಬನ್ನ ರಕ್ತದಲ್ಲಿ ನಿಲ್ಲೋಕೇ ಬಿಡಲ್ಲ. ಹಾಗಾಗಿ ಮೊದಲು ಅದನ್ನ ನಿಲ್ಲಿಸಿ, ದೇಹದಿಂದ ಅದರ ಪ್ರಭಾವ ಇಳಿಯೋಕೆ ಬಿಟ್ಟು, ಆಮೇಲೆ ಇದು. ಸುಮ್ಮನೆ ಕೊಟ್ಟ ಮಾತ್ರೆ ಕಾಲ ಹಾಳು ಮಾಡಿದ್ದಲ್ಲದೆ ಬೇಕಾದ ಮಾತ್ರೆಗೂ ಅಡ್ಡ ಕೂತಿತ್ತು.

ಇನ್ನು ಎರಡನೇ ಮಾತು. "ತೆಗೆಸಿದ್ರೆ ಮತ್ತೆ ತುಂಬುತ್ತೆ." ಇದರಲ್ಲಿ ಅರ್ಧ ಸತ್ಯ ಇರೋದ್ರಿಂದಲೇ ಇದು ಇಷ್ಟು ಗಟ್ಟಿಯಾಗಿ ಉಳಿದಿದೆ. ದೊಡ್ಡಮ್ಮನಿಗೂ ಎರಡೇ ವಾರದಲ್ಲಿ ತುಂಬಿತು. ಆದರೆ ಸೂಜಿ ಹಾಕಿದ್ದಕ್ಕೆ ತುಂಬಿದ್ದಲ್ಲ, ಕಾರಣ ಹಾಗೇ ಇದ್ದದ್ದಕ್ಕೆ ತುಂಬಿದ್ದು. ಬಾವಿಯಿಂದ ನೀರು ಸೇದಿದ್ದಕ್ಕೇ ಒರತೆ ಹುಟ್ಟಿತು ಅಂತ ಯಾರಾದ್ರೂ ಅಂತಾರಾ? ಹಳೇ ಹೆದರಿಕೆಗೆ ಇನ್ನೊಂದು ಮೂಲವೂ ಇರಬಹುದು. ಒಂದೇ ಸಲ ಬಹಳ ನೀರು ಬೇಗ ಬೇಗ ಎಳೆದ್ರೆ, ಬಹಳ ದಿನ ಮುದುಡಿದ್ದ ಶ್ವಾಸಕೋಶ ದಿಢೀರನೆ ಹಿಗ್ಗಿ ಅದರ ಒಳಗೇ ನೀರು ಇಳಿಯೋ ಅಪಾಯ ಉಂಟು. ಅಪರೂಪ, ಆದರೆ ಉಂಟು. ಅದಕ್ಕೇ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೂವರೆ ಲೀಟರ್ ಆಸುಪಾಸಿನಲ್ಲಿ, ಅಥವಾ ಎದೆ ಬಿಗಿದು ಕೆಮ್ಮು ಜೋರಾದ್ರೆ ಅದಕ್ಕೂ ಮೊದಲೇ ನಿಲ್ಲಿಸೋದು.

ಮತ್ತೆ ಮತ್ತೆ ತುಂಬೋದಕ್ಕೆ ಏನು ಮಾಡೋದು? ಎರಡು ದಾರಿ ಹೇಳಿದ್ರು. ಒಂದು, ನೀರೆಲ್ಲ ಬಸಿದು, ಎರಡು ಪೊರೆಗಳ ನಡುವೆ ಶುದ್ಧ ಮಾಡಿದ ಟಾಲ್ಕ್ ಪುಡಿ ಹಾಕಿ ಅವನ್ನ ಒಂದಕ್ಕೊಂದು ಅಂಟಿಸೋದು. ಜಾಗವೇ ಇಲ್ಲದಿದ್ರೆ ನೀರು ಎಲ್ಲಿ ನಿಲ್ಲುತ್ತೆ? ಪ್ಲೂರೋಡೆಸಿಸ್ ಅಂತಾರೆ. ಆದರೆ ಅಂಟಬೇಕಾದ್ರೆ ಶ್ವಾಸಕೋಶ ಪೂರ್ತಿ ಹಿಗ್ಗಿ ಗೋಡೆ ಮುಟ್ಟಬೇಕು. ದೊಡ್ಡಮ್ಮನದ್ದು ಮುಟ್ಟಲಿಲ್ಲ. ಅದರ ಮೇಲೆ ಕೂತಿದ್ದ ರೋಗದ ಪದರ ಬಿಡಲಿಲ್ಲ. ಹಾಗಾಗಿ ಎರಡನೇ ದಾರಿ. ಪಕ್ಕೆಯಲ್ಲಿ ಒಂದು ಮೆತ್ತನೆ ಸಿಲಿಕೋನ್ ಕೊಳವೆ ಕೂರಿಸಿ, ತುದಿಗೆ ಮುಚ್ಚಳ ಹಾಕಿ ಮನೆಗೆ ಕಳಿಸೋದು. ಎರಡು ಮೂರು ದಿನಕ್ಕೊಮ್ಮೆ ಮನೆಯಲ್ಲೇ ಬಾಟಲಿ ಜೋಡಿಸಿ ಬಸಿಯೋದು. ಉಸಿರಾಟದ ಕಷ್ಟ ತಗ್ಗಿಸೋದರಲ್ಲಿ ಎರಡೂ ದಾರಿ ಹೆಚ್ಚು ಕಡಿಮೆ ಸಮ ಅಂತ ಹೋಲಿಸಿ ನೋಡಿದ ಅಧ್ಯಯನ ಹೇಳುತ್ತೆ. ಕೊಳವೆಗೆ ಸೋಂಕಿನ ಭಯ ಇದೆ, ಪುಡಿಗೆ ಆಸ್ಪತ್ರೆವಾಸ ಮತ್ತು ನೋವು ಇದೆ.

ಇಲ್ಲಿ ನಮ್ಮ ಅತ್ತಿಗೆಗೆ ಒಂದು ದೊಡ್ಡ ನಮಸ್ಕಾರ ಹೇಳಬೇಕು. ಎಸ್ಸೆಸ್ಸೆಲ್ಸಿ ಓದಿದ ಹೆಂಗಸು. ಮೊದಲ ಸಲ ನರ್ಸ್ ತೋರಿಸಿಕೊಟ್ಟಿದ್ದು, ಎರಡನೇ ಸಲ ನರ್ಸ್ ಎದುರಿಗೆ ಇವರೇ ಮಾಡಿದ್ದು, ಮೂರನೇ ಸಲದಿಂದ ಮನೆಯ ಜಗಲಿ ಕೋಣೆಯಲ್ಲಿ. ಸೋಪಿನಲ್ಲಿ ಮೊಣಕೈವರೆಗೆ ತೊಳೆದು, ಗ್ಲೌಸು ಹಾಕಿ, ಮುಚ್ಚಳ ಸ್ಪಿರಿಟ್ಟಿನಲ್ಲಿ ಒರೆಸಿ, ಬಾಟಲಿ ಜೋಡಿಸಿ, ಎಷ್ಟು ಬಂತು ಯಾವ ಬಣ್ಣ ಅಂತ ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಡ್ತಿದ್ರು. ಒಂದು ಪುಟದಲ್ಲಿ ಡೈರಿಗೆ ಹಾಕಿದ ಹಾಲು, ಇನ್ನೊಂದು ಪುಟದಲ್ಲಿ ಅತ್ತೆಯ ಎದೆಯ ನೀರು. ನಾನೂರು, ಮುನ್ನೂರೈವತ್ತು, ಮುನ್ನೂರು... ಮಾತ್ರೆ ಕೆಲಸ ಮಾಡ್ತಾ ಬಂದ ಹಾಗೆ ಲೆಕ್ಕ ಇಳೀತು. 2020ರ ಮಾರ್ಚಿಗೆ ಐವತ್ತಕ್ಕಿಂತ ಕಡಿಮೆ. ಕೊಳವೆ ತೆಗೆಸಿ ಬಂದ ವಾರದಲ್ಲೇ ಲಾಕ್‌ಡೌನ್ ಆಯ್ತು. ಆ ಸಲದ ಅಪ್ಪೆಮಿಡಿ ಉಪ್ಪಿನಕಾಯಿಗೆ ಉಪ್ಪಿನ ಹದ ನೋಡಿದ್ದು ದೊಡ್ಡಮ್ಮನೇ. ಅವರು ಹೋಗಿದ್ದು 2021ರ ಫೆಬ್ರವರಿಯಲ್ಲಿ. ರೋಗ ಗೊತ್ತಾದ ಮೇಲೆ ಒಂದು ವರ್ಷ ನಾಲ್ಕು ತಿಂಗಳು. ಎರಡೂವರೆ ತಿಂಗಳು ಮೊದಲೇ ಗೊತ್ತಾಗಿದ್ರೆ ಎಷ್ಟಾಗ್ತಿತ್ತು ಅನ್ನೋ ಲೆಕ್ಕ ನಾನು ಹಾಕಲ್ಲ, ಹಾಕೋಕೆ ಬರೋದೂ ಇಲ್ಲ. ಕೂತೇ ಬೆಳಗು ಮಾಡಿದ ಆ ರಾತ್ರಿಗಳಂತೂ ಬೇಕಿರಲಿಲ್ಲ.

ಕೊನೆಯ ತಿಂಗಳುಗಳ ಬಗ್ಗೆಯೂ ಒಂದು ಮಾತು. ಉಸಿರು ಕಟ್ಟೋ ಸಂಕಟಕ್ಕೆ ಆಕ್ಸಿಜನ್ ಒಂದೇ ಮದ್ದು ಅಂತ ನಾವು ನಂಬಿದ್ವಿ. ರಕ್ತದಲ್ಲಿ ಆಮ್ಲಜನಕ ಸಾಕಷ್ಟು ಇದ್ದಾಗ ಅದರಿಂದ ಹೆಚ್ಚು ಉಪಯೋಗ ಇಲ್ಲವಂತೆ. ಮುಖಕ್ಕೆ, ಮೂಗು ಕೆನ್ನೆ ಮೇಲೆ ಹಾಯೋ ಹಾಗೆ ತಂಗಾಳಿ ಬೀಸಿದ್ರೆ ಏದುಸಿರಿನ ಅನುಭವ ಕಡಿಮೆ ಆಗುತ್ತೆ ಅಂತ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ನಮ್ಮಲ್ಲಿ ಅಡಿಕೆ ಹಾಳೆ ಬೀಸಣಿಗೆಗೆ ಬರ ಇಲ್ಲವಲ್ಲ :) ಜೊತೆಗೆ ಅಳತೆ ಮಾಡಿ ಕೊಡೋ ಸ್ವಲ್ಪ ಮಾರ್ಫಿನ್. ಎಲ್ಲರಿಗೂ ಕೆಲಸ ಮಾಡುತ್ತೆ ಅಂತಿಲ್ಲ, ಮಲಬದ್ಧತೆ ತರುತ್ತೆ, ಡಾಕ್ಟರ ಕಣ್ಣು ಬೇಕು. ದೊಡ್ಡಮ್ಮನಿಗೆ ಮಾಡಿತು. ಆದರೆ ಮಾರ್ಫಿನ್ ಹೆಸರು ಕೇಳಿದ್ರೆ ಔಷಧಿ ಅಂಗಡಿಯವರು ಪೊಲೀಸರನ್ನ ನೋಡಿದ ಹಾಗೆ ನೋಡ್ತಾರೆ. 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ತಂದು ನೋವು ನಿವಾರಣೆಗೆ ಇಂಥ ಔಷಧಿ ಸಿಗೋ ದಾರಿ ಸಲೀಸು ಮಾಡಿದ್ದಾರೆ. ಕಾಯ್ದೆ ಬದಲಾಯ್ತು, ನಮ್ಮ ಕಡೆ ತಾಲ್ಲೂಕಿಗೆ ಅದು ಬಂದ ಹಾಗೆ ಕಾಣಲಿಲ್ಲ.

ಹಾಗಂತ ನೀರು ಕಂಡ ಕಡೆಯೆಲ್ಲ ಸೂಜಿ ಚುಚ್ಚಿ ಅಂತ ನಾನು ಹೇಳ್ತಿಲ್ಲ. ಹೃದಯ ಸೋತವರಿಗೆ ಎರಡೂ ಕಡೆ ನೀರು ನಿಂತು, ಕಾಲು ಊದಿ, ಮೂತ್ರ ಹೋಗೋ ಮಾತ್ರೆಗೆ ಇಳೀತಿದ್ರೆ ಚುಚ್ಚೋ ಅಗತ್ಯವೇ ಇಲ್ಲ. ಯಾವಾಗ, ಹೇಗೆ ತೆಗೀಬೇಕು ಅನ್ನೋದೇ ಮುಖ್ಯ ಅನ್ನೋದಕ್ಕೆ ಇತಿಹಾಸದಲ್ಲಿ ಒಂದು ಭಯಂಕರ ಪಾಠ ಇದೆ. ಮೊದಲ ಮಹಾಯುದ್ಧದ ಕೊನೆಗೆ ಅಮೆರಿಕದ ಸೇನಾ ಶಿಬಿರಗಳಲ್ಲಿ ನ್ಯುಮೋನಿಯಾ ಹಬ್ಬಿ, ಸೈನಿಕರ ಎದೆಯಲ್ಲಿ ಕೀವು ತುಂಬ್ತಿತ್ತು. ಕೀವು ಅಂದ್ರೆ ತಕ್ಷಣ ಕೊಯ್ದು ಬಾಯಿ ತೆರೆದಿಡೋದು ಆಗಿನ ಪದ್ಧತಿ. ನೂರಕ್ಕೆ ಮೂವತ್ತರಷ್ಟು ಜನ ಸಾಯ್ತಿದ್ರು. 1918ರಲ್ಲಿ ಸೇನೆ ಒಂದು ಸಮಿತಿ ಮಾಡಿತು. ಅದರಲ್ಲಿದ್ದ ಎವಾರ್ಟ್ಸ್ ಗ್ರಹಾಂ ಅನ್ನೋ ಶಸ್ತ್ರವೈದ್ಯರು ಕಾರಣ ಹಿಡಿದ್ರು. ಕೀವು ಇನ್ನೂ ತೆಳ್ಳಗಿದ್ದು ಪೊರೆಗಳು ಅಂಟಿಕೊಳ್ಳದೆ ಇರುವಾಗ ಎದೆ ತೆರೆದ್ರೆ, ಹೊರಗಿನ ಗಾಳಿ ನುಗ್ಗಿ ಶ್ವಾಸಕೋಶ ಕುಸಿಯುತ್ತೆ. ಕೊಲ್ತಿದ್ದದ್ದು ಕೀವಷ್ಟೇ ಅಲ್ಲ, ಚಿಕಿತ್ಸೆಯೂ ಕೂಡ. ಗಾಳಿ ಒಳಗೆ ಹೋಗದ ಹಾಗೆ ಸೂಜಿ, ಕೊಳವೆಯಿಂದ ಬಸಿದು, ತೆರೆಯೋದನ್ನ ಮುಂದಕ್ಕೆ ಹಾಕಿದ ಮೇಲೆ ಸಾವು ನೂರಕ್ಕೆ ಐದರ ಆಸುಪಾಸಿಗೆ ಇಳೀತು. ಇವತ್ತಿಗೂ ಎದೆಯ ಕೊಳವೆಯ ಇನ್ನೊಂದು ತುದಿ ಬಾಟಲಿಯ ನೀರಿನೊಳಗೆ ಮುಳುಗಿರುತ್ತಲ್ಲ, ಗಾಳಿ ಹಿಂದಕ್ಕೆ ಹೋಗಬಾರದು ಅಂತಲೇ ಅದು.

(ಇದೇ ಗ್ರಹಾಂ 1933ರಲ್ಲಿ ಕ್ಯಾನ್ಸರಿಗಾಗಿ ಒಂದು ಇಡೀ ಶ್ವಾಸಕೋಶ ತೆಗೆದು ರೋಗಿಯನ್ನ ಬದುಕಿಸಿದ್ರು. 1950ರಲ್ಲಿ ಅರ್ನ್ಸ್ಟ್ ವಿಂಡರ್ ಜೊತೆ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರೋ ನಂಟು ತೋರಿಸಿದ್ರು. ಸ್ವತಃ ಸಿಗರೇಟು ಸೇದ್ತಿದ್ದ ಅವರು 1957ರಲ್ಲಿ ತೀರಿಕೊಂಡಿದ್ದು ಶ್ವಾಸಕೋಶದ ಕ್ಯಾನ್ಸರಿಂದಲೇ. ಅವರು ಬದುಕಿಸಿದ ಆ ರೋಗಿ ಅವರಿಗಿಂತ ಹೆಚ್ಚು ದಿನ ಇದ್ದರು.)

ಕೀವಿನ ವಿಷಯದಲ್ಲಿ ಇವತ್ತು ತಡ ಮಾಡೋ ಹಾಗಿಲ್ಲ. ನ್ಯುಮೋನಿಯಾ ಆದ ಮಗುವಿಗೆ ಆಂಟಿಬಯೋಟಿಕ್ ಕೊಟ್ಟ ಮೇಲೂ ಜ್ವರ ಇಳೀದೆ ಇದ್ರೆ ಎದೆಯಲ್ಲಿ ಕೀವು ನಿಂತಿದೆಯಾ ಅಂತ ನೋಡಿಸಬೇಕು. ಬಿಟ್ಟರೆ ಕೀವು ಗೂಡುಗೂಡಾಗಿ ಕಟ್ಟಿ, ಆಮೇಲೆ ದಪ್ಪ ಸಿಪ್ಪೆಯಾಗಿ ಶ್ವಾಸಕೋಶವನ್ನ ಬಿಗಿದುಬಿಡುತ್ತೆ. ಆಗ ಕೊಳವೆ ಸಾಲದು, ಆಪರೇಷನ್ನೇ.

ಸೌಲಭ್ಯ ಎಲ್ಲಿದೆ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಜೀನ್ ಪರೀಕ್ಷೆ, ಸಿಲಿಕೋನ್ ಕೊಳವೆ ತಾಲ್ಲೂಕಿನಲ್ಲಿ ಇಲ್ಲ ಅನ್ನೋದು ಒಪ್ಪಿದೆ. ಆದರೆ ರೋಗ ಹಿಡಿಯೋ ಮೊದಲ ಹೆಜ್ಜೆಗೆ ಬೇಕಾಗಿರೋದು ಸಿರಿಂಜು, ಸೂಜಿ, ಕೈಪಳಗಿದ ಒಬ್ಬ ಡಾಕ್ಟರು, ಸಾಧ್ಯವಾದ್ರೆ ಒಂದು ಅಲ್ಟ್ರಾಸೌಂಡ್. ಬಸುರಿಯರನ್ನ ನೋಡೋ ಮೆಷೀನೇ ಸಾಕು. ನೀರಿಗೆ ಪ್ರಯಾಣ ಮಾಡೋಕೆ ಬರುತ್ತೆ! ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು ಅರವತ್ತು ಕಿಲೋಮೀಟರು, ಅಡಿಕೆ ಹೋಗೋ ದಾರಿಯಲ್ಲಿ ಒಂದು ಬಾಟಲಿ ಹೋಗೋಕಾಗಲ್ವಾ? ಕಳಿಸುವಾಗ ಜಿಪುಣತನ ಬೇಡ, ಕ್ಯಾನ್ಸರ್ ಕಣ ಹುಡುಕೋಕೆ ಐವತ್ತು ಎಂಎಲ್ ಆದ್ರೂ ಇರಲಿ ಅಂದ್ರು ಡಾಕ್ಟರಮ್ಮ. ಒಂದು ಸಲ "ಕಣ ಇಲ್ಲ" ಅಂತ ಬಂದ್ರೆ ನಿರಾಳ ಆಗೋ ಹಾಗೂ ಇಲ್ಲ. ಕ್ಯಾನ್ಸರ್ ನೀರಿನಲ್ಲಿ ಕಣ ಸಿಗೋದು ಸುಮಾರು ಹತ್ತರಲ್ಲಿ ಆರು ಸಲ. ಅನುಮಾನ ಉಳಿದ್ರೆ ಎದೆಯೊಳಗೆ ಸಣ್ಣ ಕ್ಯಾಮೆರಾ ಬಿಟ್ಟು ಪೊರೆಯ ಚೂರು ತೆಗೆದು ನೋಡೋದು, ಅದರಲ್ಲಿ ತಪ್ಪೋದು ಬಹಳ ಕಡಿಮೆ.

ಟಿಬಿ ಅಂತ ನೀರೇ ಹೇಳಿದ್ರೆ ಮಾತ್ರ ಹಿಂದೆ ಮುಂದೆ ನೋಡಬೇಡಿ. ದೊಡ್ಡಮ್ಮನ ಮನೆಯ ಅಡಿಕೆ ಕೊಯ್ಲಿಗೆ ಬರೋ ಹುಡುಗನಿಗೆ ಮರುವರ್ಷ ಎಡಗಡೆ ನೀರು ಬಂತು. ಅತ್ತಿಗೆ ಮೊದಲು ಕೇಳಿದ್ದು "ಸೂಜಿ ಹಾಕಿ ನೋಡಿದ್ರೇನೋ?" ಅಂತ. ಸರ್ಕಾರಿ ಆಸ್ಪತ್ರೆಯಲ್ಲೇ ತೆಗೆದ್ರು, ತಿಳಿಹಳದಿ, ಎಡಿಎ ಎಪ್ಪತ್ತರ ಮೇಲೆ. ಆರು ತಿಂಗಳು ದಿನಾ ಮಾತ್ರೆ, ಪುಕ್ಕಟೆ. ಎರಡನೇ ತಿಂಗಳಿಗೇ ಮರ ಹತ್ತೋ ಹಾಗಾದ, ಆದರೂ ಬಿಡದೆ ಆರು ತಿಂಗಳು ಮುಗಿಸಿದ. ಆಗ ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಬ್ಯಾಂಕಿಗೆ ಬರ್ತಿತ್ತು, 2024ರ ನವೆಂಬರಿನಿಂದ ಅದನ್ನ 1,000 ಮಾಡಿದ್ದಾರೆ. ಖಾಸಗಿಯಲ್ಲಿ ನೋಡಿಸಿಕೊಂಡವರಿಗೂ ಹೆಸರು ನೋಂದಾಯಿಸಿದ್ರೆ ಇದು ಸಿಗುತ್ತೆ, ಸುಮಾರು ಜನಕ್ಕೆ ಗೊತ್ತೇ ಇಲ್ಲ.

ಹೋದ ತಿಂಗಳು ಪರಿಚಯದ ಒಬ್ಬರು ಫೋನ್ ಮಾಡಿ, ಅವರ ತಾಯಿಗೆ ಪ್ಲೂರೋಡೆಸಿಸ್ ಮಾಡಿಸೋದೋ ಕೊಳವೆ ಹಾಕಿಸೋದೋ ಅಂತ ಕೇಳಿದ್ರು. ಕೊಳವೆ ಬಗ್ಗೆ ಅತ್ತಿಗೆ ಹತ್ತಿರವೇ ಮಾತಾಡಿಸಿದೆ, ಒಂದು ಗಂಟೆ ಮಾತಾಡಿದ್ರು. ಟಾಲ್ಕ್ ಹಾಕಿಸಿಕೊಂಡವರ ಅನುಭವ ನನ್ನ ಹತ್ತಿರ ಇಲ್ಲ. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಆಗಿದ್ರೆ, ನೋವು ಎಷ್ಟು ದಿನ ಇತ್ತು, ಎಷ್ಟು ದಿನ ಆಸ್ಪತ್ರೆ, ಮತ್ತೆ ನೀರು ಬಂತಾ, ಇಷ್ಟು ಕೆಳಗೆ ಬರೀರಿ. ಅವರಿಗೆ ಓದಿ ಹೇಳ್ತೀನಿ. ಅವರ ತಾಯಿಯನ್ನ ಬರೋ ಗುರುವಾರ ಅಡ್ಮಿಟ್ ಮಾಡ್ತಿದ್ದಾರೆ.